ಮೂರು ದಿನದಲ್ಲಿ ಬೀದರ್, ಕಲಬುರಗಿ, ವಿಜಯಪುರ ಮೂರೂ ಆಗುತ್ತಾ?

ಡಿಸೆಂಬರ್‌ನಲ್ಲಿ ಮೂರು ದಿನ ರಜೆ ಇದೆ, ವಯಸ್ಸಾದ ಅಪ್ಪ ಅಮ್ಮನ ಜೊತೆ ಈ ಮೂರೂ ಊರು ಮುಗಿಸಬಹುದಾ ಅಂತ ಕೇಳಿದ್ದೀರಿ. ಮುಗಿಸಬಹುದು. ಆದರೆ ನೋಡಿದ್ದಕ್ಕಿಂತ ಗಾಡಿಯಲ್ಲಿ ಕೂತದ್ದೇ ಜಾಸ್ತಿ ಆಗುತ್ತದೆ. ನಾನು ಮೊದಲ ಸಲ ಹಾಗೇ ಮಾಡಿ ಪೇಚಾಡಿದೆ. ವಿಜಯಪುರವನ್ನು ಇನ್ನೊಂದು ಸಲಕ್ಕೆ ಇಟ್ಟುಕೊಳ್ಳಿ. ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಗೆ ಏಳು ಅಂತಸ್ತು ಹತ್ತಬೇಕು, ಹಿರಿಯರಿಗೆ ಕಷ್ಟ ಅಲ್ವಾ? ಎರಡು ದಿನ ಬೀದರ್‌ಗೇ ಕೊಡಿ.

ಬೆಳಿಗ್ಗೆ ಕೋಟೆಗೆ ಹೋಗಿ. ಒಳಗೆ ರಂಗೀನ್ ಮಹಲ್ ಇದೆ. ಕಪ್ಪು ಕಲ್ಲಿನೊಳಗೆ ಮುತ್ತಿನ ಚಿಪ್ಪು ಕೂರಿಸಿದ್ದಾರೆ, ಬಾಗಿಲಿನ ಸುತ್ತ ಈಗಲೂ ಹೊಳೆಯುತ್ತದೆ. ನಾವು ಹೋದಾಗ ಬೀಗ ಹಾಕಿತ್ತು, ಕೀಲಿ ಇದ್ದವರು ಊಟಕ್ಕೆ ಹೋಗಿದ್ದರು. ಒಂದು ಗಂಟೆ ಬೇವಿನ ಮರದ ಕೆಳಗೆ ಕಾದೆವು. ನೀವು ಒಳಗೆ ಹೋಗುತ್ತಲೇ ಕೇಳಿಬಿಡಿ.

ಊರೊಳಗೆ ಮಹಮೂದ್ ಗವಾನ್ ಮದರಸಾ ಇದೆ, 1472ರದ್ದು. ಎರಡು ಮಿನಾರುಗಳಲ್ಲಿ ಒಂದೇ ಉಳಿದಿದೆ. ಅದರ ಮೇಲೆ ಬಣ್ಣದ ಹೆಂಚಿನ ಚೂರುಗಳು ಇನ್ನೂ ಅಂಟಿಕೊಂಡಿವೆ. ಕಟ್ಟಿಸಿದ ಗವಾನ ಬಹಮನಿ ಸುಲ್ತಾನನ ಪ್ರಧಾನಿ. ಅವನನ್ನು 1481ರಲ್ಲಿ, ಯಾರೋ ಸೃಷ್ಟಿಸಿದ ಸುಳ್ಳು ಪತ್ರ ನಂಬಿ ಸುಲ್ತಾನನೇ ಕೊಲ್ಲಿಸಿದ.

ಅಷ್ಟೂರನ್ನು ಮಾತ್ರ ಬಿಡಲೇಬೇಡಿ. ಊರಿಂದ ಆಟೋದಲ್ಲಿ ಹೋಗಬಹುದು. ಬಹಮನಿ ಸುಲ್ತಾನರ ಗೋರಿಗಳು ಸಾಲಾಗಿ ನಿಂತಿವೆ. ಹುಮಾಯೂನ್ ಶಾಹನ ಗೋರಿಗೆ ಸಿಡಿಲು ಬಡಿದು ಗುಮ್ಮಟ ಅರ್ಧ ಬಿದ್ದುಹೋಗಿದೆ. ಕೊಯ್ದ ಈರುಳ್ಳಿಯ ಹಾಗೆ ಗೋಡೆಯ ದಪ್ಪ, ಒಳಗಿನ ಕಮಾನು ಎಲ್ಲಾ ಬಯಲಿಗೆ ಕಾಣುತ್ತದೆ. ಗುಮ್ಮಟ ಹೇಗೆ ಕಟ್ಟುತ್ತಿದ್ದರು ಅಂತ ನನಗೆ ಅರ್ಥವಾಗಿದ್ದು ಅಲ್ಲೇ. ಅಹಮದ್ ಶಾಹನ ಗೋರಿಯೊಳಗೆ ಕತ್ತಲು. ನೋಡಿಕೊಳ್ಳುವವರು ಕನ್ನಡಿಯಿಂದ ಬಿಸಿಲು ಹಾಯಿಸಿದರು, ಚಾವಣಿಯ ಚಿತ್ರಗಳು ಒಮ್ಮೆಲೇ ಎದ್ದುಬಂದವು. ಈ ಸುಲ್ತಾನನನ್ನು ಅಲ್ಲಮಪ್ರಭು ಅಂತ ನಂಬಿ ಕೈಮುಗಿಯುವವರೂ ಇದ್ದಾರೆ, ಉರುಸಿಗೆ ಹಿಂದೂ ಮುಸ್ಲಿಮರಿಬ್ಬರೂ ಸೇರುತ್ತಾರೆ.

ಎರಡನೇ ದಿನ ಬಿದರಿ ಕೆಲಸ ನೋಡಿ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಉಳಿಯಿಂದ ಗೀರು ತೆಗೆದು, ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಕೊನೆಗೆ ಕೋಟೆಯ ಹಳೇ ಮಣ್ಣಿಗೆ ನವಸಾಗರ ಬೆರೆಸಿದ ಬಿಸಿನೀರಿನಲ್ಲಿ ಅದ್ದುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಮೊದಲು ಕುಶಲಕರ್ಮಿಗಳ ಕೈಕೆಲಸ ನೋಡಿ, ಆಮೇಲೆ ಕೊಳ್ಳಿ. ಬೆಲೆ ಯಾಕಷ್ಟು ಅಂತ ತಿಳಿಯುತ್ತದೆ.

ಮೂರನೇ ದಿನ ರೈಲಿನಲ್ಲಿ ಕಲಬುರಗಿಗೆ ಬನ್ನಿ. ಕೋಟೆಯೊಳಗಿನ ಜಾಮಿಯಾ ಮಸೀದಿ ನೋಡಿದರೆ ಸಾಕು. ಸಾಮಾನ್ಯವಾಗಿ ಮಸೀದಿಗೆ ತೆರೆದ ಅಂಗಳ ಇರುತ್ತದೆ, ಇಲ್ಲಿ ಪೂರ್ತಿ ಚಾವಣಿ. ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ ಕೇಳಿ.

ಅಂದಹಾಗೆ, ಕೊಂಡ ಬಿದರಿ ಡಬ್ಬಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಹಿತ್ತಾಳೆ ಚೊಂಬಿನ ಜೊತೆ ನಮ್ಮಮ್ಮ ಅದನ್ನೂ ತಿಕ್ಕಿಟ್ಟರು. ಈಗ ಅದು ಬೂದಿ ಬಣ್ಣಕ್ಕೆ ತಿರುಗಿದೆ.