ಹಲವು ಊರುಗಳಲ್ಲಿ ಕೇರ್ ಹೋಮ್‌ಗಳಿರುವ ಸಂಸ್ಥೆಯಲ್ಲಿ ಸುರಕ್ಷತಾ ತಪಾಸಣೆಗಳನ್ನು ಹೊಂದಿಸುವುದು ಹೇಗೆ?

ಇಂಗ್ಲೆಂಡಿನ ಬೇರೆ ಬೇರೆ ಕೌಂಟಿಗಳಲ್ಲಿ ನಲವತ್ತಕ್ಕೂ ಹೆಚ್ಚು ಕೇರ್ ಹೋಮ್‌ಗಳನ್ನು, ಅಂದರೆ ವೃದ್ಧರು, ಅಶಕ್ತರು ಇದ್ದು ಆರೈಕೆ ಪಡೆಯುವ ಮನೆಗಳನ್ನು, ನಡೆಸುವ ಸಂಸ್ಥೆಯ ಸುರಕ್ಷತೆಯ ಹೊಣೆ ಈಗ ನಿಮ್ಮದಾಗಿದೆ ಎಂದೂ, ಒಂದು ಕೌನ್ಸಿಲ್‌ನ (ಸ್ಥಳೀಯ ಆಡಳಿತ ಸಂಸ್ಥೆಯ) ಇನ್‌ಸ್ಪೆಕ್ಟರ್ ಒಪ್ಪಿದ್ದನ್ನು ಪಕ್ಕದ ಕೌನ್ಸಿಲ್‌ನವರು ತಪ್ಪೆನ್ನುತ್ತಾರೆ ಎಂದೂ ಬರೆದು, ಎಲ್ಲಕ್ಕೂ ಸೇರಿಸಿ ಒಂದೇ ವಾರ್ಷಿಕ ವೇಳಾಪಟ್ಟಿ ಮಾಡಬಹುದೇ ಎಂದು ಕೇಳಿದ್ದೀರಿ. ಇಲ್ಲಿ ಇದೇ ಬಗೆಯ ಕೆಲಸದಲ್ಲಿರುವ ನನ್ನ ಅಭಿಪ್ರಾಯದಲ್ಲಿ ವೇಳಾಪಟ್ಟಿ ಎರಡನೆಯ ಕೆಲಸ. ಯಾವ ಹೋಮ್ ಯಾರ ಅಧಿಕಾರಕ್ಕೆ ಒಳಪಟ್ಟಿದೆ ಎಂಬುದನ್ನು ಬರೆದಿಟ್ಟುಕೊಳ್ಳುವುದು ಮೊದಲನೆಯದು.

1974ರ ಆರೋಗ್ಯ ಮತ್ತು ಸುರಕ್ಷತಾ ಕಾಯ್ದೆ ಎಲ್ಲ ಹೋಮ್‌ಗಳಿಗೂ ಒಂದೇ ಆದರೂ, ಅದನ್ನು ಜಾರಿಗೊಳಿಸುವವರು ಯಾರೆಂಬುದನ್ನು 1998ರ ನಿಯಮಗಳು ಹಂಚಿಕೊಟ್ಟಿವೆ. ನರ್ಸಿಂಗ್ ಸೇವೆ ಇಲ್ಲದ ಹೋಮ್‌ಗಳು ಸಾಮಾನ್ಯವಾಗಿ ಸ್ಥಳೀಯ ಕೌನ್ಸಿಲ್‌ನ ಪಾಲಿಗೆ ಬರುತ್ತವೆ. ನರ್ಸಿಂಗ್ ಹೋಮ್‌ಗಳು ಎಚ್‌ಎಸ್‌ಇ, ಅಂದರೆ ಹೆಲ್ತ್ ಅಂಡ್ ಸೇಫ್ಟಿ ಎಕ್ಸಿಕ್ಯೂಟಿವ್‌ನ ಪಾಲಿಗೆ ಹೋಗುತ್ತವೆ. ಇದರ ಮೇಲೆ 2015ರ ಏಪ್ರಿಲ್‌ನಿಂದ ನಿಯಂತ್ರಕರ ನಡುವೆ ಒಂದು ಒಪ್ಪಂದವೂ ಇದೆ. ನೋಂದಾಯಿತ ಹೋಮ್‌ಗಳಲ್ಲಿ ನಿವಾಸಿಗಳ ಸುರಕ್ಷತೆಗೆ ಸಿಕ್ಯೂಸಿ, ಅಂದರೆ ಕೇರ್ ಕ್ವಾಲಿಟಿ ಕಮಿಷನ್ ಮುಂದಾಳು. ನೌಕರರು, ಗುತ್ತಿಗೆದಾರರು ಮತ್ತು ಭೇಟಿಗೆ ಬಂದವರ ವಿಷಯದಲ್ಲಿ ಎಚ್‌ಎಸ್‌ಇ ಅಥವಾ ಕೌನ್ಸಿಲ್. ಬೆಂಕಿಯ ಸುರಕ್ಷತೆ ಅಗ್ನಿಶಾಮಕ ಸೇವೆಯವರದು. ಈ ಒಪ್ಪಂದ ಇಂಗ್ಲೆಂಡಿಗೆ ಮಾತ್ರ ಅನ್ವಯಿಸುತ್ತದೆ. ವೇಲ್ಸ್ ಅಥವಾ ಸ್ಕಾಟ್ಲೆಂಡಿನಲ್ಲಿ ನಿಮ್ಮ ಹೋಮ್‌ಗಳಿದ್ದರೆ ಆರೈಕೆಯ ನಿಯಂತ್ರಕರೇ ಬೇರೆ.

ಹಾಸಿಗೆಯಿಂದ ನಿವಾಸಿಯನ್ನು ಎತ್ತುವ ಹಾಯ್ಸ್ಟ್ ಒಂದನ್ನೇ ನೋಡಿ. ಅದರಿಂದ ನಿವಾಸಿ ಬಿದ್ದರೆ ಸಿಕ್ಯೂಸಿ ಬರುತ್ತದೆ. ಅದು ಕೆಟ್ಟು ನಿಂತಿದ್ದರಿಂದ ಕೈಯಲ್ಲೇ ಎತ್ತಲು ಹೋದ ನೌಕರಳ ಬೆನ್ನು ಹಿಡಿದುಕೊಂಡರೆ ಕೌನ್ಸಿಲ್ ಅಥವಾ ಎಚ್‌ಎಸ್‌ಇ ಬರುತ್ತದೆ. ಇಬ್ಬರೂ ಕೇಳುವ ಕಾಗದ ಬಹುಮಟ್ಟಿಗೆ ಒಂದೇ. ಜನರನ್ನು ಎತ್ತುವ ಉಪಕರಣಗಳಿಗೆ, ಬೇರೆ ಪರೀಕ್ಷಾ ಯೋಜನೆ ಇಲ್ಲದಿದ್ದರೆ, 6 ತಿಂಗಳಿಗೊಮ್ಮೆ ಪರಿಣತರಿಂದ ಪೂರ್ಣ ಪರೀಕ್ಷೆ ಆಗಬೇಕೆಂದು ಎತ್ತುವ ಉಪಕರಣಗಳ ಕುರಿತ 1998ರ ಲೋಲರ್ ನಿಯಮಗಳು ಹೇಳುತ್ತವೆ, ಮತ್ತು ವರ್ಷಕ್ಕೊಮ್ಮೆ ಮಾಡಿಸುವ ಸರ್ವಿಸ್ ಈ ಪರೀಕ್ಷೆಗೆ ಬದಲಾಗುವುದಿಲ್ಲ. ಎತ್ತುವಾಗ ನಿವಾಸಿಯನ್ನು ಹಿಡಿದಿಡುವ ಬಟ್ಟೆಯ ಜೋಲಿಗಳಾದ ಸ್ಲಿಂಗ್‌ಗಳಿಗೂ ಇದೇ ನಿಯಮ. ಯಂತ್ರ ಕೋಣೆಯಲ್ಲೇ ಇರುತ್ತದೆ, ಪರೀಕ್ಷಕರ ಕಣ್ಣಿಗೆ ಬೀಳುತ್ತದೆ. ಸ್ಲಿಂಗ್ ಆ ದಿನ ಲಾಂಡ್ರಿಯಲ್ಲಿದ್ದರೆ ಪಟ್ಟಿಯಿಂದಲೇ ತಪ್ಪಿಹೋಗುತ್ತದೆ. ಆದ್ದರಿಂದ ಪ್ರತಿ ಸ್ಲಿಂಗ್‌ಗೂ ಸಂಖ್ಯೆ ಕೊಟ್ಟು, ಎಲ್ಲ ಹೋಮ್‌ಗಳದ್ದನ್ನೂ ಕೇಂದ್ರ ಕಚೇರಿಯ ಒಂದೇ ದಾಖಲೆಯಲ್ಲಿ ಇಡಿ. ಸ್ನಾನದ ನೀರಿನ ಉಷ್ಣತೆ 44 ಡಿಗ್ರಿ ಸೆಲ್ಸಿಯಸ್ ಮೀರದಂತೆ ತಡೆಯುವ ಕವಾಟಗಳು ಮತ್ತು ಮೇಲ್ಮಹಡಿಯ ಕಿಟಕಿಗಳು 100 ಮಿಲಿಮೀಟರ್‌ಗಿಂತ ಹೆಚ್ಚು ತೆರೆಯದಂತೆ ಹಿಡಿಯುವ ತಡೆಗಳು ಕೂಡ ಅದೇ ದಾಖಲೆಗೆ ಸೇರಲಿ.

ಕೌನ್ಸಿಲ್‌ಗಳ ನಡುವಿನ ಭಿನ್ನಮತಕ್ಕೆ ಪರಿಹಾರ ಕಾನೂನಿನಲ್ಲೇ ಇದೆ. 2008ರ ಕಾಯ್ದೆಯಡಿ 2009ರಲ್ಲಿ ಆರಂಭವಾದ ಪ್ರೈಮರಿ ಅಥಾರಿಟಿ ವ್ಯವಸ್ಥೆಯಲ್ಲಿ ನಿಮ್ಮ ಸಂಸ್ಥೆ ಒಂದು ಕೌನ್ಸಿಲ್‌ನೊಂದಿಗೆ ಪಾಲುದಾರಿಕೆ ಮಾಡಿಕೊಂಡರೆ, ಅದು ಲಿಖಿತವಾಗಿ ಕೊಟ್ಟ ಖಚಿತ ಸಲಹೆಯನ್ನು ಉಳಿದ ಕೌನ್ಸಿಲ್‌ಗಳೂ ಗೌರವಿಸಬೇಕಾಗುತ್ತದೆ. ಅದು ತಪಾಸಣಾ ಯೋಜನೆಯನ್ನೂ ಹೊರಡಿಸಬಹುದು. ನಿಮ್ಮ ಹೋಮ್‌ಗಳಿಗೆ ಬರುವ ಇನ್‌ಸ್ಪೆಕ್ಟರ್ ಏನನ್ನು ಮೊದಲು ನೋಡಬೇಕು, ಯಾವುದು ಕೇಂದ್ರ ಕಚೇರಿಯಲ್ಲಿ ಈಗಾಗಲೇ ಪರಿಶೀಲಿತವಾಗಿದೆ ಎಂಬುದು ಅದರಲ್ಲಿರುತ್ತದೆ. ಈ ಸೇವೆಗೆ ಕೌನ್ಸಿಲ್ ಶುಲ್ಕ ಪಡೆಯುತ್ತದೆ, ಆದರೆ ನಿಮ್ಮ ಗಾತ್ರದ ಸಂಸ್ಥೆಗೆ ಅದು ದುಬಾರಿಯೆನಿಸಲಾರದು. ನಿಮ್ಮ ನರ್ಸಿಂಗ್ ಹೋಮ್‌ಗಳಿಗೆ ಬರುವ ಎಚ್‌ಎಸ್‌ಇಯನ್ನಾಗಲಿ, ಸಿಕ್ಯೂಸಿಯನ್ನಾಗಲಿ ಆ ಸಲಹೆ ಕಟ್ಟಿಹಾಕುವುದಿಲ್ಲ ಎಂಬುದನ್ನು ಮಾತ್ರ ನಿಮ್ಮ ನಿರ್ದೇಶಕರಿಗೆ ಮೊದಲೇ ಹೇಳಿಬಿಡಿ. ಎಚ್‌ಎಸ್‌ಇ ಇನ್‌ಸ್ಪೆಕ್ಟರ್‌ಗೆ ಗಣನೀಯ ಉಲ್ಲಂಘನೆ ಕಂಡುಬಂದರೆ, ಅದಕ್ಕಾಗಿ ಅವರು ಮಾಡಿದ ಕೆಲಸದ ವೆಚ್ಚವನ್ನು 2012ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ನಿಯಮದಂತೆ ನಿಮ್ಮಿಂದಲೇ ವಸೂಲು ಮಾಡಲಾಗುತ್ತದೆ.

ಹೊರಗಿನವರ ಭೇಟಿಗಳನ್ನು ನೀವು ವೇಳಾಪಟ್ಟಿಗೆ ತರಲಾರಿರಿ. ಕೌನ್ಸಿಲ್‌ಗಳು ಯೋಜಿತ ತಪಾಸಣೆಯನ್ನು ಹೆಚ್ಚು ಅಪಾಯದ ಕಡೆಗೆ ಮಾತ್ರ ಮೀಸಲಿಡಬೇಕೆಂದು 2013ರ ರಾಷ್ಟ್ರೀಯ ಸಂಹಿತೆ ಹೇಳಿರುವುದರಿಂದ, ಅವರು ಬಹುಪಾಲು ಅಪಘಾತವೋ ದೂರೋ ಬಂದ ಮೇಲೆಯೇ ಬರುತ್ತಾರೆ. ನಿಮ್ಮ ಕೈಯಲ್ಲಿರುವುದು ಒಳಗಿನ ತಪಾಸಣೆ. ಒಂದು ಹೋಮ್‌ನ ಮ್ಯಾನೇಜರ್ ಇನ್ನೊಂದು ಹೋಮ್ ನೋಡುವಂತೆ ಮಾಡಿ, ಮತ್ತು ಅದರಲ್ಲಿ ಒಂದು ಪಾಲಾದರೂ ರಾತ್ರಿ ಪಾಳಿಯಲ್ಲಿ ನಡೆಯಲಿ, ಏಕೆಂದರೆ ಇಬ್ಬರು ಸೇರಿ ಮಾಡಬೇಕಾದ ಎತ್ತುವಿಕೆಯನ್ನು ಒಬ್ಬರೇ ಮಾಡುವುದು ಆ ಹೊತ್ತಿನಲ್ಲೇ. ಕರ್ನಾಟಕ, ಕೇರಳಗಳಿಂದ ಬಂದ ಆರೈಕೆ ನೌಕರರ ವೀಸಾ ಮಾಲೀಕರ ಪ್ರಾಯೋಜನೆಗೆ ಅಂಟಿಕೊಂಡಿರುವುದರಿಂದ ಅನೇಕರು ನೋವನ್ನು ನುಂಗಿಕೊಂಡು ಸುಮ್ಮನಿರುತ್ತಾರೆ. ಮ್ಯಾನೇಜರ್‌ಗಲ್ಲದೆ ನೇರವಾಗಿ ನಿಮಗೇ ತಿಳಿಸಬಹುದಾದ ದಾರಿ ಇಲ್ಲದಿದ್ದರೆ ನಿಮ್ಮ ಅಪಘಾತ ಪುಸ್ತಕವನ್ನು ನಂಬಬೇಡಿ.

ಇನ್ನು ಎರಡು ಗಡುವುಗಳಿವೆ. ಅಪಘಾತದಿಂದ ನೌಕರರು 7 ದಿನಕ್ಕಿಂತ ಹೆಚ್ಚು ಕಾಲ ತಮ್ಮ ಎಂದಿನ ಕೆಲಸ ಮಾಡಲಾಗದಿದ್ದರೆ, ಘಟನೆ ನಡೆದ 15 ದಿನದೊಳಗೆ ಕೆಲಸದ ಅಪಘಾತಗಳನ್ನು ಅಧಿಕಾರಿಗಳಿಗೆ ತಿಳಿಸುವ ರಿಡ್ಡರ್ ನಿಯಮದಂತೆ ವರದಿ ಹೋಗಬೇಕು. ಲೋಪವನ್ನು ಸರಿಪಡಿಸಿ ಎಂದು ಇನ್‌ಸ್ಪೆಕ್ಟರ್ ಕೊಡುವ ಸುಧಾರಣಾ ನೋಟಿಸ್ ಬಂದರೆ ಎಂಪ್ಲಾಯ್‌ಮೆಂಟ್ ಟ್ರಿಬ್ಯೂನಲ್‌ಗೆ (ಉದ್ಯೋಗ ನ್ಯಾಯಮಂಡಳಿಗೆ) ಮೇಲ್ಮನವಿ ಸಲ್ಲಿಸಲು 21 ದಿನ ಮಾತ್ರ ಇರುತ್ತದೆ. ಆದ್ದರಿಂದ ಯಾವ ಹೋಮ್‌ಗೆ ಯಾವ ನೋಟಿಸ್ ಅಥವಾ ಪತ್ರ ಬಂದರೂ ಅದೇ ದಿನ ಅದರ ಪ್ರತಿ ನಿಮ್ಮ ಕೈಸೇರಲಿ, ಮತ್ತು ಅದೇ ಲೋಪ ಉಳಿದ ಹೋಮ್‌ಗಳಲ್ಲಿ ಇದೆಯೇ ಎಂಬ ಲಿಖಿತ ಉತ್ತರವನ್ನು ಎರಡು ವಾರದೊಳಗೆ ತರಿಸಿಕೊಳ್ಳಿ. ಒಂದು ಕಡೆ ನೋಟಿಸ್ ಬಂದ ಲೋಪವೇ ಇನ್ನೊಂದು ಕಡೆ ಅಪಘಾತಕ್ಕೆ ಕಾರಣವಾದಾಗ, ನಮಗೆ ಗೊತ್ತಿರಲಿಲ್ಲ ಎಂದು ನ್ಯಾಯಾಲಯದಲ್ಲಿ ಹೇಳಲು ಸಂಸ್ಥೆಗೆ ಬಾಯಿರುವುದಿಲ್ಲ.