ಎಕ್ಸ್‌ಕಾಮ್ ಕ್ಲಾಸಿಕ್‌ನಲ್ಲಿ ಮೂರನೇ ತಿಂಗಳಿಗೇ ಯಾಕೆ ಸೋಲ್ತೀವಿ: ಮುಗಿಸಿದ ಮೇಲೆ ನನಗೆ ಅನ್ನಿಸಿದ್ದು

ಏಲಿಯನ್ ದಾಳಿಯಿಂದ ಭೂಮಿ ಉಳಿಸೋಕೆ ಟರ್ನ್ ಪ್ರಕಾರ ಸೈನಿಕರನ್ನ ನಡೆಸೋ 'ಎಕ್ಸ್‌ಕಾಮ್: ಎನಿಮಿ ಅನ್‌ನೋನ್' ವಿಡಿಯೋ ಗೇಮ್‌ನ ಕ್ಲಾಸಿಕ್ ಅನ್ನೋ ಕಷ್ಟದ ಮಟ್ಟದಲ್ಲಿ ಪ್ರತಿ ಸಲ ಮೂರನೇ ತಿಂಗಳಿಗೇ ಆಟ ಕೈತಪ್ಪುತ್ತೆ, ಶೇ. 90 ಅಂತ ತೋರಿಸಿದ ಗುಂಡೂ ತಪ್ಪುತ್ತೆ, ಸೇವ್ ಲೋಡ್ ಮಾಡಿ ಮತ್ತೆ ಹೊಡೆದರೂ ಅದೇ ಮಿಸ್, ಆಟವೇ ಮೋಸ ಮಾಡ್ತಿದೆಯಾ ಅಂತ ಕೇಳಿದೀರಿ. ಅದೇ ಕ್ಲಾಸಿಕ್ ಮಟ್ಟವನ್ನ ಐರನ್‌ಮ್ಯಾನ್‌ನಲ್ಲಿ, ಅಂದರೆ ಹಿಂದೆ ಹೋಗೋಕೆ ದಾರಿಯೇ ಇಲ್ಲದ ಒಂದೇ ಸೇವ್‌ನಲ್ಲಿ, ಮೊನ್ನೆಯಷ್ಟೇ ಮುಗಿಸಿದೆ. ಎಲ್ಲಾ ಇನ್ನೂ ತಲೆಯಲ್ಲಿ ಹಸಿಯಾಗಿದೆ, ಸ್ವಲ್ಪ ಉದ್ದಕ್ಕೇ ಬರೀತೀನಿ.

ಮೋಸ ಇಲ್ಲ. ಸೇವ್ ಮಾಡಿದಾಗ ರ‍್ಯಾಂಡಮ್ ಸೀಡ್ (ಗುಂಡು ತಾಗುತ್ತಾ ಇಲ್ಲವಾ ಅನ್ನೋದನ್ನ ನಿರ್ಧರಿಸೋ ಸಂಖ್ಯೆ) ಕೂಡ ಅದರ ಜೊತೆಗೇ ಉಳಿಯುತ್ತೆ. ಅದೇ ಸೈನಿಕನಿಂದ ಅದೇ ಕ್ರಮದಲ್ಲಿ ಅದೇ ಗುಂಡು ಹಾರಿಸಿದರೆ ಫಲವೂ ಅದೇ ಬರುತ್ತೆ. ಇನ್ನು ಶೇ. 90ರ ಮಾತು. ಅಂಥ ನಾಲ್ಕು ಗುಂಡು ಹಾರಿಸಿ ನೋಡಿ, ಒಂದಾದರೂ ತಪ್ಪುವ ಸಾಧ್ಯತೆ ಸುಮಾರು ಶೇ. 34. ಮೂರು ಸಲಕ್ಕೆ ಒಂದು ಸಲ! ಒಂದು ಮಿಷನ್‌ನಲ್ಲಿ ಎಷ್ಟು ಗುಂಡು ಹಾರ್ತವೆ ಅಂತ ಎಣಿಸಿದರೆ ತಪ್ಪದೇ ಇದ್ದರೇ ಆಶ್ಚರ್ಯ. ಹಾಗಾಗಿ ನೀವು ಕೇಳಬೇಕಾದ ಪ್ರಶ್ನೆ ಬೇರೆ: ಆ ಒಂದು ಗುಂಡು ತಪ್ಪಿದರೆ ಒಬ್ಬ ಸೈನಿಕ ಸಾಯೋ ಪರಿಸ್ಥಿತಿ ಬಂದಿದ್ದು ಹೇಗೆ?

ನನಗೆ ಇದು ಅರ್ಥ ಆಗಿದ್ದು ಎರಡನೇ ತಿಂಗಳ ಒಂದು ಅಪಹರಣ ಮಿಷನ್‌ನಲ್ಲಿ, ಅಂದರೆ ಏಲಿಯನ್‌ಗಳು ಜನರನ್ನ ಎತ್ತಿಕೊಂಡು ಹೋಗೋದನ್ನ ತಡೆಯೋ ಮಿಷನ್‌ನಲ್ಲಿ. ಎದುರಿಗಿದ್ದ ಸೆಕ್ಟಾಯ್ಡ್ ಅನ್ನೋ ಏಲಿಯನ್‌ಗಳೆಲ್ಲ ಸತ್ತಿದ್ದವು. ನನ್ನ ಮೂವರ ಟರ್ನ್ ಮುಗಿದಿತ್ತು. ಉಳಿದಿದ್ದು ಸ್ನೈಪರ್ ಒಬ್ಬಳೇ, ಅರ್ಜೆಂಟೀನಾದವಳು, ಮೊದಲ ಮಿಷನ್‌ನಿಂದ ಬದುಕಿ ಬಂದವಳು. ಸುಮ್ಮನೆ ಯಾಕೆ ನಿಲ್ಲಿಸೋದು ಅಂತ ಹಳದಿ ಗೆರೆವರೆಗೂ (ಎರಡೂ ಆ್ಯಕ್ಷನ್ ಖರ್ಚಾಗೋ ದೂರ) ಓಡಿಸಿ ಒಂದು ಟ್ರಕ್ಕಿನ ಮೂಲೆಗೆ ತಂದೆ. ಆ ಮೂಲೆಯಿಂದ ಎರಡು ಥಿನ್ ಮ್ಯಾನ್ (ಮನುಷ್ಯರ ವೇಷದ ಏಲಿಯನ್) ಕಣ್ಣಿಗೆ ಬಿದ್ದವು. ಕಂಡ ತಕ್ಷಣ ಅವು ನನ್ನ ಟರ್ನ್‌ನಲ್ಲೇ ಓಡಿ ಮರೆಗೆ ಹೋದವು, ಅದು ಅವಕ್ಕೆ ಬಿಟ್ಟಿ ನಡೆ. ನನ್ನ ಕಡೆ ಗುಂಡು ಹಾರಿಸೋಕೆ ಯಾರೂ ಉಳಿದಿಲ್ಲ. ಅವುಗಳ ಟರ್ನ್ ಬಂತು, ಮೊದಲನೇ ಗುಂಡಿಗೇ ಅವಳು ಹೋದಳು. ಪಕ್ಕದಲ್ಲಿದ್ದ ಹೊಸಬ ಅದನ್ನ ನೋಡಿ ಪ್ಯಾನಿಕ್ ಆದ. ಆ ಇಡೀ ಮಿಷನ್‌ನಲ್ಲಿ ನಮ್ಮವರ ಒಂದೇ ಒಂದು ಮುಖ್ಯ ಗುಂಡೂ ತಪ್ಪಿರಲಿಲ್ಲ.

ಅವತ್ತಿನಿಂದ ಒಂದು ನಿಯಮ ಬಿಗಿಯಾಗಿ ಹಿಡಿದೆ: ಹೊಸ ಜಾಗ ನೋಡೋದು ಟರ್ನ್‌ನ ಮೊದಲ ಸೈನಿಕನ ಕೆಲಸ, ಕೊನೆಯವನದ್ದಲ್ಲ. ಮೊದಲನೆಯವನು ನೀಲಿ ಗೆರೆ (ಒಂದೇ ಆ್ಯಕ್ಷನ್‌ನಲ್ಲಿ ಹೋಗಬಹುದಾದ ದೂರ) ದಾಟದೆ, ಪೂರ್ತಿ ಮರೆ ಇರೋ ಕಡೆಗೆ ಹೋಗಲಿ. ಏನಾದರೂ ಕಂಡರೆ ಉಳಿದವರ ಕೈಯಲ್ಲಿ ಎರಡೆರಡು ಆ್ಯಕ್ಷನ್ ಇರುತ್ತೆ. ಏನೂ ಕಾಣದಿದ್ದರೆ ಉಳಿದವರು ಈಗಾಗಲೇ ನೋಡಿರೋ ನೆಲದಲ್ಲೇ ಸರಿದು ಓವರ್‌ವಾಚ್ ಹಾಕಲಿ, ಅಂದರೆ ಶತ್ರು ಕದಲಿದರೆ ಹೊಡೆಯೋಕೆ ಕಾಯಲಿ. 1994ರ ಮೂಲ ಆಟದಲ್ಲಿ ಟೈಮ್ ಯೂನಿಟ್‌ಗಳಿದ್ದವು (ಒಂದೊಂದು ಹೆಜ್ಜೆಗೂ ಖರ್ಚಾಗೋ ಅಂಕಗಳು), ಒಂದು ಹೆಜ್ಜೆ ಇಟ್ಟು ಇಣುಕಿ ನೋಡಿ ವಾಪಸ್ ಬರಬಹುದಿತ್ತು. 2012ರಲ್ಲಿ ಈ ಆಟ ಮಾಡಿದ ಫಿರಾಕ್ಸಿಸ್‌ನವರು ಅದನ್ನ ತೆಗೆದು ಎರಡೇ ಆ್ಯಕ್ಷನ್ ಮಾಡಿದರು. ಹಾಗಾಗಿ ಇಲ್ಲಿ ಇಟ್ಟ ಒಂದೊಂದು ಹೆಜ್ಜೆಗೂ ಅಷ್ಟು ತೂಕ. ನನಗಂತೂ ಈ ಬದಲಾವಣೆ ತುಂಬಾ ಇಷ್ಟ.

ಮರೆಯ ಲೆಕ್ಕ ಬಾಯಿಪಾಠ ಆಗಬೇಕು. ಅರ್ಧ ಮರೆ ಎದುರಾಳಿಯ ಗುರಿಯಿಂದ (ಗುಂಡು ತಾಗೋ ಶೇಕಡಾ ಲೆಕ್ಕ) 20 ಕಳೆಯುತ್ತೆ, ಪೂರ್ತಿ ಮರೆ 40. ಹೊಸ ಸೈನಿಕನ ಗುರಿ 65. ಅಂದರೆ ದೂರ, ಎತ್ತರದ ಲೆಕ್ಕ ಬಿಟ್ಟರೆ, ಗೋಡೆ ಹಿಂದೆ ನಿಂತ ಶತ್ರುವಿಗೆ ಅವನು ಹೊಡೆಯೋ ಸಾಧ್ಯತೆ ಶೇ. 25. ಅಂಥ ಗುಂಡು ಹಾರಿಸೋದರ ಬದಲು ಪಕ್ಕಕ್ಕೆ ಸುತ್ತಿ ಹೋಗಿ, ಆದರೆ ಆಗಲೇ ನೋಡಿರೋ ಜಾಗದಿಂದಲೇ. ಇಲ್ಲದಿದ್ದರೆ ಗ್ರೆನೇಡ್ ಎಸೆಯಿರಿ: 3 ಹಾನಿ ಖಚಿತ, ಮರೆಯೂ ಪುಡಿ. ಸಂಶೋಧನೆಗೆ ಬೇಕಾದ, ಸತ್ತ ಏಲಿಯನ್‌ನ ಆಯುಧದ ತುಣುಕುಗಳು ಸಿಗಲ್ಲ ನಿಜ, ಆದರೆ ಮೊದಲ ಎರಡು ತಿಂಗಳು ತುಣುಕಿಗಿಂತ ಸೈನಿಕನ ಜೀವ ದೊಡ್ಡದು. ಎರಡೂ ಆಗದಿದ್ದರೆ ಹಂಕರ್ ಡೌನ್, ಅಂದರೆ ಗುಂಡು ಹಾರಿಸದೆ ತಲೆ ತಗ್ಗಿಸಿ ಕೂರೋದು, ಮರೆಯ ಬಲ ಎರಡರಷ್ಟಾಗುತ್ತೆ. ಸುಮ್ಮನೆ ಕೂತ ಟರ್ನ್ ವ್ಯರ್ಥ ಅಂದುಕೊಳ್ಳಬೇಡಿ.

ಇಷ್ಟೆಲ್ಲ ಯುದ್ಧದ ಮಾತು. ಆದರೆ ನಿಮ್ಮ ಮೂರನೇ ತಿಂಗಳ ಸೋಲಿಗೆ ಇನ್ನೊಂದು ಕಾರಣ ಉಪಗ್ರಹ ಅನ್ನೋದು ನನ್ನ ಬಲವಾದ ಅನುಮಾನ. ನಿಮಗೆ ಹಣ ಕೊಡೋ ಕೌನ್ಸಿಲ್‌ನಲ್ಲಿರೋದು 16 ದೇಶ, 8 ಬಿಟ್ಟು ಹೋದರೆ ಆಟ ಮುಗೀತು. ಅಪಹರಣ ಮೂರು ಕಡೆ ಆದಾಗ ನೀವು ಹೋಗೋದು ಒಂದೇ ಕಡೆಗೆ, ಉಳಿದೆರಡು ಕಡೆ ಪ್ಯಾನಿಕ್ (ಆ ದೇಶದ ಭಯದ ಮಟ್ಟ) ಏರುತ್ತೆ, ಅದು ಮಿತಿ ಮೀರಿದರೆ ದೇಶ ಕೌನ್ಸಿಲ್ ಬಿಡುತ್ತೆ. ಎಷ್ಟೇ ಚೆನ್ನಾಗಿ ಆಡಿದರೂ ಈ ಸೋರಿಕೆ ನಿಲ್ಲಲ್ಲ. ನಿಲ್ಲಿಸೋದು ಉಪಗ್ರಹ ಮಾತ್ರ: ಅದು ಇರೋ ದೇಶದಲ್ಲಿ ಅಪಹರಣ ನಡೆಯಲ್ಲ, ಹಾರಿಸಿದ ಕೂಡಲೇ ಅಲ್ಲಿನ ಪ್ಯಾನಿಕ್ ಕೂಡ ಇಳಿಯುತ್ತೆ. ತಯಾರಾಗೋಕೆ 20 ದಿನ ಬೇಕು, ಹಾಗಾಗಿ ತಿಂಗಳ ಮೊದಲ ವಾರದಲ್ಲೇ ಆರ್ಡರ್ ಹಾಕಿ. ಬಂದ ತಕ್ಷಣ ಹಾರಿಸಬೇಡಿ. ತಿಂಗಳ ಕೊನೆಯ ಕೌನ್ಸಿಲ್ ವರದಿಗೆ ಒಂದೆರಡು ದಿನ ಇದೆ ಅನ್ನುವಾಗ, ಪ್ಯಾನಿಕ್ ಏರಿ ಕೆಂಪಗಾಗಿರೋ ದೇಶ ನೋಡಿ ಹಾರಿಸಿ. ಅಪ್‌ಲಿಂಕ್‌ನಲ್ಲಿ (ಉಪಗ್ರಹಗಳನ್ನ ನಡೆಸೋ ಬೇಸ್‌ನ ಕೋಣೆ) ಜಾಗ ಇಲ್ಲದಿದ್ದರೆ ಉಪಗ್ರಹ ಗೋದಾಮಿನಲ್ಲೇ ಕೂರುತ್ತೆ, ಅಪ್‌ಲಿಂಕ್ ಕಟ್ಟೋಕೆ ಎಂಜಿನಿಯರ್‌ಗಳು ಬೇಕು. ಆದ್ದರಿಂದ ಅಪಹರಣ ಮಿಷನ್ ಆರಿಸುವಾಗ ನಾನು ಹಣ ಬಿಟ್ಟು ಎಂಜಿನಿಯರ್ ಬಹುಮಾನವನ್ನೇ ತಗೊಂಡೆ. ನಾನೂ ಎರಡು ದೇಶ ಕಳೆದುಕೊಂಡೆ, ಅದಕ್ಕೆ ಗಾಬರಿ ಬೇಡ.

ಸ್ಕ್ವಾಡ್ ಗಾತ್ರ ನಾಲ್ಕರಿಂದ ಐದಕ್ಕೆ ಏರಿಸೋದನ್ನ ಒಬ್ಬ ಸೈನಿಕ ಸಾರ್ಜೆಂಟ್ ದರ್ಜೆಗೆ ಏರಿದ ಕೂಡಲೇ ಮಾಡಿ. ನಾಗರಿಕರನ್ನ ಉಳಿಸೋ ಟೆರರ್ ಮಿಷನ್‌ನಲ್ಲಿ ಕ್ರಿಸ್ಸಲಿಡ್ ಅನ್ನೋ ಏಲಿಯನ್ ಕಂಡರೆ ಬೇರೆಲ್ಲ ಬಿಟ್ಟು ಮೊದಲು ಅದನ್ನೇ ಹೊಡೀರಿ, ಅದು ಕೊಂದ ನಾಗರಿಕರು ಜಾಂಬಿ ಆಗಿ ಏಳ್ತಾರೆ.

ಕೊನೆ ಮಿಷನ್‌ಗೆ ಹೊರಡೋ ಮುಂಚೆ ಬ್ಯಾರಕ್ಸ್‌ನ ಮೆಮೋರಿಯಲ್ ಗೋಡೆ ತೆಗೆದು ನೋಡಿದೆ. ಹದಿನೇಳು ಹೆಸರು. ಹನ್ನೊಂದು ಜನರದ್ದು ಮೊದಲ ಮೂರು ತಿಂಗಳಲ್ಲೇ ಆದ ಸಾವು, ಅದರಲ್ಲಿ ಎಂಟು ಜನ ಸತ್ತಿದ್ದು ನಾನು ಟರ್ನ್‌ನ ಕೊನೆಗೆ ಹೊಸ ಏಲಿಯನ್ ಗುಂಪನ್ನ ಎಬ್ಬಿಸಿದ್ದರಿಂದ. ಒಬ್ಬೊಬ್ಬರದ್ದೂ ಯಾವ ಮೂಲೆ, ಯಾವ ಗೋಡೆ ಅಂತ ಈಗಲೂ ಹೇಳಬಲ್ಲೆ.

ನಿಮ್ಮ ಮೂರನೇ ತಿಂಗಳ ಸೇವ್ ಇನ್ನೂ ಇದ್ದರೆ ಸಿಚುಯೇಶನ್ ರೂಮ್‌ನ (ದೇಶಗಳ ಪ್ಯಾನಿಕ್ ತೋರಿಸೋ ಪರದೆ) ಸ್ಕ್ರೀನ್‌ಶಾಟ್ ಒಂದು ಹಾಕಿ. ಯಾವ ದೇಶಕ್ಕೆ ಮೊದಲು ಉಪಗ್ರಹ ಕೊಡಬೇಕು ಅಂತ ಕೂತು ನೋಡೋಣ.