ಕಾರವಾರದಲ್ಲಿ ಬೀಜದಿಂದ ಸಾವಯವ ತರಕಾರಿ, ಸೊಪ್ಪು ಬೆಳೆಯಲು ಯಾವ ತಿಂಗಳು ಸೂಕ್ತ?

ಕಾರವಾರಕ್ಕೆ ಹೊಸದಾಗಿ ಬಂದ ನೀವು, ಜೂನ್‌ನಲ್ಲಿ ತಾರಸಿಯ ಕುಂಡಗಳಿಗೆ ಹಾಕಿದ ಕೊತ್ತಂಬರಿ, ಟೊಮೆಟೊ ಮೊಳೆತ ಬೆನ್ನಿಗೇ ಕೊಳೆತವೆಂದೂ, ಬೀಜವೇ ಕಳಪೆಯಿರಬಹುದೇ ಎಂದೂ ಕೇಳಿದ್ದೀರಿ. ನನ್ನ ಅನುಮಾನ ಬೀಜದ ಮೇಲಲ್ಲ, ತಿಂಗಳ ಮೇಲೆ. ವರ್ಷದ ಸುಮಾರು 3000 ಮಿ.ಮೀ. ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ದೊಳಗೆ ಸುರಿದುಬಿಡುವ ಈ ಕರಾವಳಿಯಲ್ಲಿ, ಪೊಟ್ಟಣದ ಮೇಲೆ ಅಚ್ಚಾದ ‘ವರ್ಷವಿಡೀ ಬಿತ್ತಬಹುದು’ ಎಂಬ ಮಾತು ನಡೆಯುವುದಿಲ್ಲ. ನೀರು ಆರದ ಮಣ್ಣಿನಲ್ಲಿ ಶಿಲೀಂಧ್ರಗಳು ಎಳೆಯ ಸಸಿಯ ಬುಡವನ್ನೇ ಕೊಳೆಸುತ್ತವೆ.

ಕುಮಟಾದ ನಮ್ಮ ಹಿತ್ತಲಿನಲ್ಲಿ ಮಳೆಗಾಲಕ್ಕೆಂದು ಬೆಂಡೆ, ಹೀರೆ, ಹಾಗಲ, ಮುಳ್ಳುಸೌತೆಗಳನ್ನು ಮೇ ಕೊನೆಯಲ್ಲೇ ಹಾಕುತ್ತೇವೆ; ಜೋರು ಮಳೆ ಹಿಡಿಯುವಷ್ಟರಲ್ಲಿ ಅವು ಬೇರು ಬಿಟ್ಟಿರಬೇಕು. ಹರಿವೆ, ಬದನೆ, ಮೂಲಂಗಿ, ಮೊಗೆಕಾಯಿ, ಕೊತ್ತಂಬರಿಗಳ ಸರದಿ ಮಳೆ ಹಿಂದೆಗೆದ ಮೇಲೆ, ಅಂದರೆ ಅಕ್ಟೋಬರ್ ಕೊನೆಯಿಂದ. ಭತ್ತ ಕೊಯ್ದ ಗದ್ದೆಗಳಲ್ಲಿ ತರಕಾರಿ ಸಾಲು ಏಳುವುದೂ ಆಗಲೇ.

ಕೊತ್ತಂಬರಿಯ ವಿಷಯದಲ್ಲಿ ತುಸು ತಾಳ್ಮೆ ಬೇಕು. ನಾವು ಬೀಜವೆನ್ನುವ ಆ ಗುಂಡು ಕಾಳು ನಿಜವಾಗಿ ಎರಡು ಬೀಜಗಳಿರುವ ಕಾಯಿ. ಆದ್ದರಿಂದ ಅದನ್ನು ಲಟ್ಟಣಿಗೆಯಿಂದ ಮೆಲ್ಲಗೆ ಉಜ್ಜಿ ಹೋಳು ಮಾಡಿ, ಒಂದು ರಾತ್ರಿ ನೆನೆಸಿ, ಬೆಳೆಯಬೇಕಾದ ಕುಂಡಕ್ಕೇ ನೇರವಾಗಿ ಬಿತ್ತಬೇಕು. ತಾಯಿಬೇರಿನ ಈ ಗಿಡ ಕಿತ್ತು ನೆಡುವುದನ್ನು ಸಹಿಸುವುದಿಲ್ಲ. ಮೊಳಕೆಗೆ ಒಂದೆರಡು ವಾರ ಹಿಡಿಯುವುದುಂಟು. ಬಿಸಿಲು ಏರಿದರೆ ಬೇಗ ಹೂ ಬಿಟ್ಟು ಸೊಪ್ಪು ಬರುವುದು ನಿಲ್ಲುವುದರಿಂದ ನವೆಂಬರ್‌ನಿಂದ ಜನವರಿಯವರೆಗೆ ಬಿತ್ತುವುದು ಒಳ್ಳೆಯದು. ಹರಿವೆಯ ಬೀಜ ತೀರ ಸಣ್ಣದು. ಮರಳಿನೊಂದಿಗೆ ಬೆರೆಸಿ ಎರಚಿ, ಇರುವೆ ಹೊತ್ತೊಯ್ಯದಂತೆ ಸುತ್ತ ಬೂದಿ ಉದುರಿಸಿ. ದೊಡ್ಡಪತ್ರೆ, ಬಸಳೆಗಳಿಗೆ ಬೀಜದ ಗೋಜೇ ಬೇಡ, ಕಡ್ಡಿ ಊರಿದರೆ ಸಾಕು.

ಕುಂಡಕ್ಕೆ ಕೆಂಪು ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ತೆಂಗಿನ ನಾರಿನ ಪುಡಿ ಸಮಪಾಲು ಇರಲಿ. ನಾರಿನ ಪುಡಿಯಲ್ಲಿ ಉಪ್ಪಿನಂಶ ಇರುವುದರಿಂದ ಸಿಹಿನೀರಿನಲ್ಲಿ ಎರಡು ಮೂರು ಬಾರಿ ತೊಳೆದೇ ಬಳಸಬೇಕು. ಕೊಳ್ಳುವಾಗ ಗುಲಾಬಿ ಅಥವಾ ನೀಲಿ ಬಣ್ಣದ ಲೇಪವಿರುವ ಬೀಜವನ್ನು ಬಿಡಿ. ಅದು ಸಾಮಾನ್ಯವಾಗಿ ಶಿಲೀಂಧ್ರನಾಶಕ ಹಚ್ಚಿದ ಬೀಜ, ನಿಮ್ಮ ಸಾವಯವದ ಉದ್ದೇಶಕ್ಕೆ ಒದಗದು.

ಟೊಮೆಟೊ ಇಲ್ಲಿ ಚಳಿಗಾಲದಲ್ಲೂ ಕಾಡಬಹುದು. ಹುಳಿ ಮಣ್ಣು, ತೇವ, ಸೆಕೆ ಮೂರೂ ಸೇರಿದಲ್ಲಿ ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗ ಬಂದು, ಹಸಿರಾಗಿದ್ದ ಗಿಡ ದಿಢೀರನೆ ಬಾಡುತ್ತದೆ. ಬಾಡಿದ ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ನಿಲ್ಲಿಸಿದಾಗ ಹಾಲಿನಂಥ ಎಳೆ ಇಳಿದರೆ ಅದೇ ರೋಗವೆಂದು ತಿಳಿದು, ಆ ಮಣ್ಣಿಗೆ ಮತ್ತೆ ಟೊಮೆಟೊ, ಬದನೆ, ಮೆಣಸು ಹಾಕಬೇಡಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ಟೊಮೆಟೊ ತಳಿ ಈ ರೋಗವನ್ನು ತಡೆದುಕೊಳ್ಳುತ್ತದೆ. ಆದರೆ ಅದು ಹೈಬ್ರಿಡ್, ಅದರ ಹಣ್ಣಿನಿಂದ ತೆಗೆದ ಬೀಜದಲ್ಲಿ ಅದೇ ಗುಣ ಉಳಿಯುವುದಿಲ್ಲ.

ಬೀಜ ಉಳಿಸಿಕೊಳ್ಳುವ ಆಸೆಯಿದ್ದರೆ ನಾಟಿ ತಳಿಗಳನ್ನೇ ಹುಡುಕಿ. ಶಿರಸಿಯ ಕಡೆ ‘ವನಸ್ತ್ರೀ’ ಬಳಗದ ಮಹಿಳೆಯರು ಹಿತ್ತಲಿನ ಬೀಜಗಳನ್ನು ಸಂರಕ್ಷಿಸಿ ಹಂಚಿಕೊಳ್ಳುವ ಕೆಲಸವನ್ನು 2001ರಿಂದ ನಡೆಸಿದ್ದಾರೆ. ಸಿಕ್ಕ ಬೀಜವನ್ನು ನೆರಳಿನಲ್ಲಿ ಗರಿಗರಿಯಾಗುವಂತೆ ಒಣಗಿಸಿ, ಬೂದಿ ಬೆರೆಸಿ ಗಾಜಿನ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿಡಿ. ಕಾರವಾರದ ಹವೆಯಲ್ಲಿ ಕಾಗದದ ಪೊಟ್ಟಣ ಒಂದು ಮಳೆಗಾಲವನ್ನೂ ದಾಟಿಸಲಾರದು.